ಒಂದೇ ರಾತ್ರಿ, ಹಲವು ಟೇಪು: ಗ್ರೇಟ್‌ಫುಲ್ ಡೆಡ್ ಲೈವ್ ರೆಕಾರ್ಡಿಂಗುಗಳನ್ನು ಹೋಲಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್ 1965ರಿಂದ 1995ರವರೆಗೆ ಸುಮಾರು 2,300 ಕಾರ್ಯಕ್ರಮ ಕೊಟ್ಟ ರಾಕ್ ತಂಡ. ಸಭಿಕರು ಮೈಕು, ಟೇಪ್ ರೆಕಾರ್ಡರ್ ಹೊತ್ತು ಬರುವುದನ್ನು ಬೇರೆ ತಂಡಗಳು ಕಳ್ಳತನವೆಂದು ಕಂಡವು. ಇವರು ಮೊದಮೊದಲು ನೋಡಿಯೂ ನೋಡದಂತಿದ್ದು, 1984ರ ಅಕ್ಟೋಬರಿನಲ್ಲಿ ಬರ್ಕ್ಲಿಯ ಕಾರ್ಯಕ್ರಮದಿಂದ ಟೇಪರ್‌ಗಳಿಗೆಂದೇ ಆಸನಗಳನ್ನು ಮೀಸಲಿಟ್ಟರು. ಷರತ್ತು ಒಂದೇ: ಹಂಚಿಕೊಳ್ಳಿ, ಮಾರಬೇಡಿ. ಹೀಗಾಗಿ ಇಂದು ಒಂದೇ ರಾತ್ರಿಯ ಕಾರ್ಯಕ್ರಮಕ್ಕೆ ಐದು, ಹತ್ತು, ಕೆಲವೊಮ್ಮೆ ಇಪ್ಪತ್ತು ಬೇರೆ ಬೇರೆ ಪ್ರತಿಗಳು ಸಿಗುತ್ತವೆ. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದೇ ತೊಡಕು.

ಎರಡು ಪ್ರತಿಗಳನ್ನು ಒಂದರ ಹಿಂದೊಂದು ಹಾಕಿ ಕೇಳಿದಾಗ ನಮಗೆ ಕೇಳಿಸುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ರೆಕಾರ್ಡಿಂಗಿನದಲ್ಲ. ಒಂದರ ವಾಲ್ಯೂಮ್ ಜಾಸ್ತಿ, ಇನ್ನೊಂದರ ಟೇಪು ತುಸು ವೇಗವಾಗಿ ಓಡಿದೆ, ಮತ್ತೊಂದಕ್ಕೆ ಯಾರೋ ಆಮೇಲೆ ಟ್ರೆಬಲ್ ಏರಿಸಿದ್ದಾರೆ. ಈ ಮೂರನ್ನು ಸರಿದೂಗಿಸುವವರೆಗೆ ಹೋಲಿಕೆ ಶುರುವೇ ಆಗಿರುವುದಿಲ್ಲ. ಆದ್ದರಿಂದ ಇಲ್ಲಿ ಕಿವಿಯ ಕೆಲಸಕ್ಕಿಂತ ಅದಕ್ಕೂ ಮುಂಚಿನ ಸಿದ್ಧತೆಯೇ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ.

ಉದಾಹರಣೆಗೆ ಇಟ್ಟುಕೊಂಡಿರುವುದು 1977ರ ಮೇ 8ರಂದು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನಲ್ಲಿ ನಡೆದ ಕಾರ್ಯಕ್ರಮ. ಅದು ತಂಡದ ಶ್ರೇಷ್ಠ ರಾತ್ರಿಯೇ ಎಂಬ ವಾದ ಬಗೆಹರಿಯುವಂಥದ್ದಲ್ಲ, ಅದು ನಮಗೆ ಬೇಕಾಗಿಯೂ ಇಲ್ಲ. ಆರಿಸಿದ್ದಕ್ಕೆ ಕಾರಣ ಬೇರೆ: ಇದಕ್ಕೆ ಸೌಂಡ್‌ಬೋರ್ಡ್ ಪ್ರತಿಗಳಿವೆ (ಮೈಕಿಲ್ಲದೆ ನೇರ ಮಿಕ್ಸರಿನಿಂದ ಎತ್ತಿಕೊಂಡವು), ಸಭಿಕರ ನಡುವಿನಿಂದ ಹಿಡಿದ ಪ್ರತಿಗಳಿವೆ, ಎರಡನ್ನೂ ಬೆರೆಸಿದ ಮ್ಯಾಟ್ರಿಕ್ಸ್‌ಗಳಿವೆ. ಇವೆಲ್ಲದರ ಮೇಲೆ 2017ರಲ್ಲಿ ಬಂದ ಅಧಿಕೃತ ಆವೃತ್ತಿಯೂ ಇದೆ. ಅಳತೆಗೋಲಾಗಿ ಹಿಡಿಯಲು ಅದು ತುಂಬ ಅನುಕೂಲ.

ಬೇಕಾದ ಸಾಮಗ್ರಿ

ಒಂದು ಸಾಧಾರಣ ಕಂಪ್ಯೂಟರ್, ತಂತಿಯಿರುವ ಹೆಡ್‌ಫೋನ್, ಖಾಲಿ ಜಾಗ. ಬ್ಲೂಟೂತ್ ಬೇಡ, ಅದು ಶಬ್ದವನ್ನು ಮತ್ತೊಮ್ಮೆ ಹಿಂಡಿ ಕಳಿಸುತ್ತದೆ, ಆ ಹಿಂಡುವಿಕೆಯಲ್ಲಿ ಹೋಗುವುದು ನಾವು ಹುಡುಕುತ್ತಿರುವ ಸೂಕ್ಷ್ಮವೇ. ಎರಡೂವರೆ ಗಂಟೆಯ ಕಾರ್ಯಕ್ರಮ 16 ಬಿಟ್, 44.1 ಕಿಲೋಹರ್ಟ್ಸ್ ಫ್ಲ್ಯಾಕ್‌ನಲ್ಲಿ (ಶಬ್ದ ಏನೂ ಕಳೆಯದೆ ಕುಗ್ಗಿಸುವ ಕಡತ ರೂಪ) ಹೆಚ್ಚುಕಡಿಮೆ 800 ಎಂಬಿಯಿಂದ 1 ಜಿಬಿ ಹಿಡಿಯುತ್ತದೆ. 24 ಬಿಟ್, 96 ಕಿಲೋಹರ್ಟ್ಸ್ ಆದರೆ 3 ಜಿಬಿ ದಾಟಬಹುದು. ತಂತ್ರಾಂಶಗಳು ನಾಲ್ಕು ಸಾಕು: ಅಲೆ ನೋಡಲು, ವೇಗ ತಿದ್ದಲು ಆಡಾಸಿಟಿ, ಯಾವ ಆವರ್ತನ ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಚಿತ್ರಕ್ಕೆ ಸ್ಪೆಕ್, ಯಾವ ಪ್ರತಿ ಎಂದು ತಿಳಿಯದೆ ಕೇಳುವ ಕುರುಡು ಪರೀಕ್ಷೆಗೆ ಫೂಬಾರ್2000, ಕಡತಗಳ ತಪಾಸಣೆಗೆ ಟ್ರೇಡರ್ಸ್ ಲಿಟಲ್ ಹೆಲ್ಪರ್. ಎಲ್ಲವೂ ಉಚಿತ.

ರೆಕಾರ್ಡಿಂಗುಗಳಿಗೆ ಮುಖ್ಯ ನೆಲೆ ಇಂಟರ್ನೆಟ್ ಆರ್ಕೈವ್‌ನ ಲೈವ್ ಮ್ಯೂಸಿಕ್ ವಿಭಾಗ. ಒಂದು ವಿಷಯ ಗೊತ್ತಿರಲಿ. 2005ರ ಕೊನೆಯಿಂದ ಅಲ್ಲಿ ಸೌಂಡ್‌ಬೋರ್ಡ್ ಪ್ರತಿಗಳನ್ನು ಕೇಳಬಹುದು, ಇಳಿಸಿಕೊಳ್ಳುವಂತಿಲ್ಲ. ಸಭಿಕರ ಟೇಪುಗಳನ್ನು ಇಳಿಸಿಕೊಳ್ಳಬಹುದು. ಅಂದರೆ ಸೌಂಡ್‌ಬೋರ್ಡ್ ನಿಮ್ಮ ಕಿವಿಗೆ ಬರುವುದು ಎಂಪಿ3 ರೂಪದಲ್ಲಿ, ಸಭಿಕರ ಟೇಪು ಬರುವುದು ಪೂರ್ಣ ಫ್ಲ್ಯಾಕ್ ರೂಪದಲ್ಲಿ. ಈ ಜೋಡಿಯನ್ನು ಹೋಲಿಸುವಾಗ ಸಿಂಬಲ್ಲಿನ ಮಿನುಗು, ಚಪ್ಪಾಳೆಯ ಹರಿತ ಮುಂತಾದ ಮೇಲಿನ ಆವರ್ತನಗಳ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ. ವಾದ್ಯಗಳ ಸಮತೋಲ, ವೇಗ, ಕತ್ತರಿ ಬಿದ್ದ ಜಾಗ ಇಷ್ಟನ್ನು ಮಾತ್ರ ಹೋಲಿಸಿ.

ವಂಶಾವಳಿ ಓದುವುದು

ಪ್ರತಿ ರೆಕಾರ್ಡಿಂಗಿನ ಜೊತೆ ಒಂದು ಪಠ್ಯ ಕಡತ ಬರುತ್ತದೆ. ಹೆಚ್ಚಿನವರು ತೆರೆದೇ ನೋಡುವುದಿಲ್ಲ. ಹಾಡುಗಳ ಪಟ್ಟಿಯ ಮೇಲೋ ಕೆಳಗೋ ಒಂದು ಸಾಲು ಇರುತ್ತದೆ: ‘ಎಂಎಸ್‌ಆರ್ > ಪಿಸಿಎಂ > ಡ್ಯಾಟ್ > ಸಿಡಿ > ಇಎಸಿ > ಎಸ್‌ಎಚ್‌ಎನ್’ ಎಂಬಂತೆ. ಸೌಂಡ್‌ಬೋರ್ಡಿನ ಮೂಲ ರೀಲು, ಅದರಿಂದ ವಿಡಿಯೊ ಟೇಪಿನ ಮೇಲೆ ಡಿಜಿಟಲ್ ಆಗಿ, ಅಲ್ಲಿಂದ ಡ್ಯಾಟ್ ಎಂಬ ಡಿಜಿಟಲ್ ಕ್ಯಾಸೆಟ್ಟಿಗೆ, ಅಲ್ಲಿಂದ ಸಿಡಿಗೆ, ಸಿಡಿಯಿಂದ ಎಕ್ಸಾಕ್ಟ್ ಆಡಿಯೊ ಕಾಪಿಯ ಮೂಲಕ ಕಂಪ್ಯೂಟರಿಗೆ, ಕೊನೆಗೆ ಫ್ಲ್ಯಾಕ್‌ನಂಥದೇ ಶಾರ್ಟನ್ ಕಡತವಾಗಿ ಎಂದು ಇದರ ಅರ್ಥ. ಇಲ್ಲಿ ಅನಲಾಗ್ ಹಂತ ಒಂದೇ ಒಂದು. ಅದೇ ಸಾಲು ‘ಎಂಸಿ > ಸಿ > ಸಿ > ಡ್ಯಾಟ್’ ಎಂದಿದ್ದರೆ ಮೂಲ ಕ್ಯಾಸೆಟ್ಟಿನಿಂದ ಎರಡು ಬಾರಿ ಕ್ಯಾಸೆಟ್ಟಿಗೆ ನಕಲಾದ ಮೂರನೆಯ ತಲೆಮಾರು.

ಎಣಿಸಬೇಕಾದದ್ದು ಅನಲಾಗ್ ತಲೆಮಾರುಗಳನ್ನು. ಒಂದೇ ಬಗೆಯ ಟೇಪಿನ ಮೇಲೆ ಮೊದಲ ನಕಲು ತೆಗೆದಾಗ ‘ಸುಂಯ್’ ಎನ್ನುವ ಹಿಸ್ ಸುಮಾರು 3 ಡೆಸಿಬೆಲ್ ಏರುತ್ತದೆ, ನಾಲ್ಕನೆಯ ತಲೆಮಾರಿಗೆ 6 ಡೆಸಿಬೆಲ್. ಅದರ ಜೊತೆ ಪ್ರತಿ ನಕಲಿನಲ್ಲೂ ಮೇಲಿನ ಆವರ್ತನ ತುಸು ಸವೆಯುತ್ತದೆ, ವೇಗದ ಅಲುಗಾಟ ಒಂದರ ಮೇಲೊಂದು ಕೂಡುತ್ತದೆ. ಡಿಜಿಟಲ್ ಹಂತಗಳು ಎಷ್ಟಿದ್ದರೂ, ದೋಷವಿಲ್ಲದೆ ನಕಲಾಗಿದ್ದರೆ, ಏನೂ ಕಳೆಯುವುದಿಲ್ಲ. ‘ಕಡಿಮೆ ಹಂತ ಇರುವುದೇ ಉತ್ತಮ’ ಎಂಬ ಸರಳ ಲೆಕ್ಕ ಇದರಿಂದಲೇ ತಪ್ಪುತ್ತದೆ. ಏಳು ಹಂತದ ಡಿಜಿಟಲ್ ಸರಪಳಿ ಮೂರು ಹಂತದ ಕ್ಯಾಸೆಟ್ ಸರಪಳಿಗಿಂತ ಮೇಲಿರಬಹುದು.

ಡ್ಯಾಟ್ ಇದ್ದಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: 48 ಕಿಲೋಹರ್ಟ್ಸ್ ಮಾದರಿ ದರದಲ್ಲಿ (ಶಬ್ದವನ್ನು ಸೆಕೆಂಡಿಗೆ 48,000 ಸಲ ಅಳೆದು) ಮಾಡಿದ ಟೇಪನ್ನು 44.1ಕ್ಕೆ ಸರಿಯಾಗಿ ಪರಿವರ್ತಿಸಿದ್ದಾರೆಯೇ? ಪರಿವರ್ತಿಸದೆ ಹಣೆಪಟ್ಟಿ ಮಾತ್ರ ಬದಲಿಸಿದ್ದರೆ ಹಾಡು ಶೇ 8ರಷ್ಟು ನಿಧಾನವಾಗಿ, ಒಂದೂವರೆ ಸ್ವರಸ್ಥಾನ ಕೆಳಗಿಳಿದು ಕೇಳಿಸುತ್ತದೆ. ಸೋನಿಯ ಪಿಸಿಎಂ-ಎಫ್1ನಂಥ ಹಳೆಯ ಯಂತ್ರಗಳಲ್ಲಿ ಮಾದರಿ ದರ 44.056 ಕಿಲೋಹರ್ಟ್ಸ್. ಅಲ್ಲಿಂದ ಬರುವ ವ್ಯತ್ಯಾಸ ಶೇ 0.1 ಮಾತ್ರ, ಕಿವಿಗೆ ಗೊತ್ತಾಗದು. ಆದರೆ ಮುಂದೆ ಎರಡು ಪ್ರತಿಗಳನ್ನು ಅಕ್ಕಪಕ್ಕ ಜೋಡಿಸಲು ಹೋದಾಗ ಜಾರಿಕೊಳ್ಳುತ್ತದೆ.

ಪಠ್ಯ ಕಡತವನ್ನು ಪೂರ್ತಿ ನಂಬಬೇಕೆಂದಿಲ್ಲ. ಕೈಯಿಂದ ಕೈಗೆ ಹೋಗುವಾಗ ಮಧ್ಯದ ಒಂದೆರಡು ಕ್ಯಾಸೆಟ್ ಮರೆತುಹೋಗುವುದು ಮಾಮೂಲು. ಅದಕ್ಕೇ ಮುಂದಿನ ತಪಾಸಣೆಗಳು.

ಕಡತಗಳ ಆರೋಗ್ಯ

ಇಳಿಸಿಕೊಂಡ ಕಡತದ ಜೊತೆ ಅದು ಕೆಟ್ಟಿಲ್ಲವೆಂದು ತಾಳೆ ನೋಡಲು ಎಂಡಿ5 ಅಥವಾ ಎಫ್‌ಎಫ್‌ಪಿ ಎಂಬ ಸಣ್ಣ ಕಡತ ಇರುತ್ತದೆ. ಟ್ರೇಡರ್ಸ್ ಲಿಟಲ್ ಹೆಲ್ಪರ್‌ಗೆ ಅದನ್ನು ತೋರಿಸಿ, ಎಲ್ಲವೂ ಹೊಂದುತ್ತವೆಯೇ ನೋಡಿ. ಎಂಡಿ5 ಇಡೀ ಕಡತವನ್ನು ಲೆಕ್ಕ ಹಾಕುತ್ತದೆ, ಎಫ್‌ಎಫ್‌ಪಿ ಒಳಗಿನ ಶಬ್ದವನ್ನು ಮಾತ್ರ. ಹಾಡಿನ ಹೆಸರಿನ ಟ್ಯಾಗ್ ಯಾರಾದರೂ ಬದಲಿಸಿದ್ದರೆ ಎಂಡಿ5 ತಪ್ಪು ತೋರಿಸುತ್ತದೆ, ಎಫ್‌ಎಫ್‌ಪಿ ಸರಿಯಿರುತ್ತದೆ. ಆಗ ಗಾಬರಿ ಬೇಡ.

ಇನ್ನು ಹಾಡುಗಳ ಸಂಧಿ. ಸಿಡಿಯ ಒಂದು ಸೆಕ್ಟರ್ ಅಂದರೆ ಸೆಕೆಂಡಿನ 75ನೆಯ ಒಂದು ಭಾಗ, 588 ಮಾದರಿಗಳು. ಹಾಡನ್ನು ಇದರ ಗುಣಕದಲ್ಲಿ ಕತ್ತರಿಸದಿದ್ದರೆ ಸಿಡಿಗೆ ಸುಡುವಾಗ ಕೊನೆಯ ತುಣುಕಿಗೆ ನಿಶ್ಶಬ್ದ ತುಂಬಿ, ಸಂಧಿಯಲ್ಲಿ ‘ಟಿಕ್’ ಎನ್ನುತ್ತದೆ. ಇನ್ನೂ ಕೆಟ್ಟದ್ದು, ಹಾಡಿಗೊಂದು ಸಲ ನಿಲ್ಲಿಸಿ ಸುಟ್ಟ ಸಿಡಿಗಳಿಂದ ಬಂದ ಪ್ರತಿಗಳು: ಪ್ರತಿ ಹಾಡಿನ ನಡುವೆ ಎರಡು ಸೆಕೆಂಡ್ ಖಾಲಿ. ಕಾರ್ನೆಲ್ ರಾತ್ರಿಯಲ್ಲಿ ಇದನ್ನು ಹಿಡಿಯಲು ಹೇಳಿ ಮಾಡಿಸಿದ ಜಾಗವೊಂದಿದೆ. ಎರಡನೆಯ ಭಾಗದ ಆರಂಭದಲ್ಲಿ ‘ಸ್ಕಾರ್ಲೆಟ್ ಬಿಗೋನಿಯಾಸ್’ ನಿಲ್ಲದೆ ಹರಿದು ‘ಫೈರ್ ಆನ್ ದ ಮೌಂಟನ್’ ಆಗುತ್ತದೆ. ಆ ಸಂಧಿಯಲ್ಲಿ ಟಿಕ್ ಅಥವಾ ಖಾಲಿ ಕೇಳಿಸಿದರೆ, ಇಡೀ ಪ್ರತಿ ಯಾವುದೋ ಅಜಾಗರೂಕ ಸಿಡಿಯಿಂದ ಹುಟ್ಟಿದ್ದು.

ಇವು ನಿಜಕ್ಕೂ ಬೇರೆ ಬೇರೆ ರೆಕಾರ್ಡಿಂಗುಗಳೇ?

ಬಹಳ ಜನ ಇಲ್ಲೇ ಎಡವುತ್ತಾರೆ. ಎಂಟು ಪ್ರತಿ ಇಳಿಸಿಕೊಂಡವರ ಕೈಯಲ್ಲಿ ನಿಜವಾಗಿ ಇರುವುದು ಮೂರೇ ಮೂಲ, ಉಳಿದವು ಅವುಗಳ ಮಕ್ಕಳು ಮೊಮ್ಮಕ್ಕಳು ಎಂಬುದು ಅಪರೂಪವಲ್ಲ. ಮೊದಲು ಕುಟುಂಬಗಳನ್ನಾಗಿ ವಿಂಗಡಿಸಿ.

ಕುಟುಂಬ ಹೇಳುವುದು ಟೇಪಿನ ಕತ್ತರಿ. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ. 1,800 ಅಡಿಯ ರೀಲು ಸೆಕೆಂಡಿಗೆ ಏಳೂವರೆ ಇಂಚಿನಂತೆ ಓಡಿದರೆ 48 ನಿಮಿಷ. ಟೇಪು ಮುಗಿದಾಗ ಮಗುಚಬೇಕು, ಇಲ್ಲವೇ ಬದಲಿಸಬೇಕು. ಆಗ ಸಂಗೀತದಲ್ಲಿ ಕೆಲವು ಸೆಕೆಂಡು ಮಾಯ. ಎರಡು ಪ್ರತಿಗಳಲ್ಲಿ ಒಂದೇ ಹಾಡಿನ ಒಂದೇ ಸಾಲಿನಲ್ಲಿ ಕತ್ತರಿ ಬಿದ್ದಿದ್ದರೆ ಅವೆರಡಕ್ಕೂ ತಾಯಿ ಟೇಪು ಒಂದೇ. ಆಮೇಲೆ ಯಾರಾದರೂ ಆ ಖಾಲಿಯನ್ನು ಬೇರೆ ಮೂಲದಿಂದ ತೇಪೆ ಹಾಕಿರಬಹುದು. ತೇಪೆಯ ಜಾಗದಲ್ಲಿ ಹಾಲಿನ ಗಾಳಿಯೇ ಬದಲಾದಂತೆ ಕೇಳಿಸುತ್ತದೆ: ಹಿಸ್ ಏಕಾಏಕಿ ಹೆಚ್ಚು ಕಡಿಮೆ ಆಗುತ್ತದೆ, ಡ್ರಮ್ಮಿನ ಜಾಗ ಸರಿಯುತ್ತದೆ.

ಸಭಿಕರ ಟೇಪುಗಳಲ್ಲಿ ಇನ್ನೊಂದು ಗುರುತು ಮೈಕಿನ ಅಕ್ಕಪಕ್ಕದವರು. ಹಾಡುಗಳ ನಡುವಿನ ನಿಮಿಷಗಳನ್ನು ಕೇಳಿ. ಒಂದೇ ಕೆಮ್ಮು, ಒಂದೇ ಶಿಳ್ಳೆ, ಒಂದೇ ಕೂಗು ಅದೇ ಹತ್ತಿರದಲ್ಲಿ ಕೇಳಿಸಿದರೆ ಮೈಕೂ ಒಂದೇ. ಇದಕ್ಕಿಂತ ಖಚಿತವಾದ ಬೆರಳಚ್ಚು ಇಲ್ಲ.

ಎರಡು ಕಡತಗಳು ಒಂದೇ ಡಿಜಿಟಲ್ ವರ್ಗಾವಣೆಯಿಂದ ಬಂದವೇ ಎಂದು ತಿಳಿಯಲು ಶೂನ್ಯ ಪರೀಕ್ಷೆ ಮಾಡಬಹುದು. ಆಡಾಸಿಟಿಯಲ್ಲಿ ಎರಡನ್ನೂ ತೆರೆದು, ಒಂದು ಡ್ರಮ್ ಏಟಿನ ಮೇಲೆ ಒಂದೊಂದು ಮಾದರಿಯವರೆಗೂ ಹಿಗ್ಗಿಸಿ ಜೋಡಿಸಿ, ಒಂದನ್ನು ‘ಇನ್ವರ್ಟ್’ ಮಾಡಿ (ಅಲೆಯನ್ನು ತಲೆಕೆಳಗು ಮಾಡಿ), ಎರಡನ್ನೂ ಒಟ್ಟಿಗೆ ನುಡಿಸಿ. ಪೂರ್ತಿ ಮೌನವಾದರೆ ಎರಡೂ ಒಂದೇ ಕಡತ. ವಾಲ್ಯೂಮ್ ಮಾತ್ರ ಬೇರೆಯಿದ್ದರೆ ಅದನ್ನು ಸರಿಪಡಿಸಿದೊಡನೆ ಮೌನವಾಗುತ್ತದೆ. ಟ್ರೆಬಲ್ ಏರಿಸಿದ್ದರೆ ತೆಳ್ಳನೆಯ ‘ಚಿಸ್ ಚಿಸ್’ ಉಳಿಯುತ್ತದೆ. ಒಂದೇ ಟೇಪನ್ನು ಎರಡು ಸಲ ಬೇರೆ ಬೇರೆಯಾಗಿ ವರ್ಗಾಯಿಸಿದ್ದರೆ ಮಾತ್ರ ಈ ಪರೀಕ್ಷೆ ಸೋಲುತ್ತದೆ, ಏಕೆಂದರೆ ಟೇಪು ಎರಡು ಸಲ ಒಂದೇ ವೇಗದಲ್ಲಿ ಓಡುವುದಿಲ್ಲ. ಡಿಜಿಟಲ್ ಗಡಿಯಾರಗಳಲ್ಲೇ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಹತ್ತು ನಿಮಿಷದಲ್ಲಿ 30 ಮಿಲಿಸೆಕೆಂಡ್ ಜಾರುತ್ತದೆ. ಹಾಗಾಗಿ ಮೌನ ಬರಲಿಲ್ಲ ಎಂದಮಾತ್ರಕ್ಕೆ ಮೂಲ ಬೇರೆ ಎಂದು ಹೇಳುವಂತಿಲ್ಲ.

ಕಾರ್ನೆಲ್ ಸೌಂಡ್‌ಬೋರ್ಡಿನ ವಿಷಯದಲ್ಲಿ ಎಲ್ಲ ದಾರಿಗಳೂ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರ ರೀಲುಗಳಿಗೆ ಹೋಗಿ ಮುಟ್ಟುತ್ತವೆ. ತಂಡದ ರೆಕಾರ್ಡಿಂಗ್ ಎಂಜಿನಿಯರ್ ಆಗಿದ್ದ ಅವರ ಟೇಪುಗಳು ಬಾಡಿಗೆ ಗೋದಾಮಿನಿಂದ 1986ರಲ್ಲಿ ಹರಾಜಾಗಿ, ಆಮೇಲೆ ಟೇಪು ಬಳಗದಲ್ಲಿ ಹರಡಿದವು. ‘ಬೆಟ್ಟಿ ಬೋರ್ಡ್ಸ್’ ಎಂದು ಹೆಸರು ಬಿದ್ದದ್ದು ಹೀಗೆ. ಆದ್ದರಿಂದ ಹತ್ತು ಕಾರ್ನೆಲ್ ಸೌಂಡ್‌ಬೋರ್ಡ್ ಕಡತಗಳನ್ನು ಹೋಲಿಸುವವರು ಹೋಲಿಸುತ್ತಿರುವುದು ವರ್ಗಾವಣೆಗಳನ್ನು, ರೆಕಾರ್ಡಿಂಗುಗಳನ್ನಲ್ಲ.

ಸ್ಪೆಕ್ಟ್ರಮ್ ಏನು ಹೇಳುತ್ತದೆ

ಸ್ಪೆಕ್‌ನಲ್ಲಿ ಕಡತ ಹಾಕಿ ಚಿತ್ರ ನೋಡಿ. 16 ಕಿಲೋಹರ್ಟ್ಸ್ ಬಳಿ ಚಾಕುವಿನಿಂದ ಕೊಯ್ದಂತೆ ನೇರ ಗೆರೆ ಇದ್ದರೆ ಅದು ಹೆಚ್ಚಾಗಿ ಎಂಪಿ3ಯಿಂದ ಫ್ಲ್ಯಾಕ್ ವೇಷ ಹಾಕಿ ಬಂದದ್ದು. ಆದರೆ 32 ಕಿಲೋಹರ್ಟ್ಸ್‌ನ ಲಾಂಗ್ ಪ್ಲೇ ಡ್ಯಾಟ್ ಕೂಡ ಅಲ್ಲೇ ಕತ್ತರಿಸುತ್ತದೆ. ವಂಶಾವಳಿ ನೋಡದೆ ಆರೋಪ ಬೇಡ. 19 ಕಿಲೋಹರ್ಟ್ಸ್‌ನಲ್ಲಿ ಉದ್ದಕ್ಕೂ ಒಂದು ಸಣ್ಣ ಗೆರೆ ಎಂದರೆ ಎಫ್‌ಎಂ ಸ್ಟೀರಿಯೊ ಪ್ರಸಾರದ ಪೈಲಟ್ ಸಂಕೇತ, ಆ ಪ್ರತಿ ರೇಡಿಯೊದಿಂದ ಹಿಡಿದದ್ದು. 15.7 ಕಿಲೋಹರ್ಟ್ಸ್‌ನ ಗೆರೆ ಅಮೆರಿಕದ ಹಳೆಯ ಟಿವಿಯದು. ಟೇಪ್ ಡೆಕ್ಕಿನ ಪಕ್ಕದಲ್ಲಿ ಟಿವಿ ಓಡುತ್ತಿತ್ತು ಅಂತ ಅರ್ಥ. ಕ್ಯಾಸೆಟ್ಟಿನ ಶಬ್ದ 12ರಿಂದ 16ರ ನಡುವೆ ಮೆಲ್ಲಗೆ ಕರಗುತ್ತದೆ, ನೇರ ಗೆರೆ ಎಳೆಯುವುದಿಲ್ಲ.

ಇಷ್ಟು ನೋಡಿ ಸ್ಪೆಕ್ ಮುಚ್ಚಿಬಿಡಿ. ಚಿತ್ರದಲ್ಲಿ ಮೇಲಿನವರೆಗೂ ಬಣ್ಣ ತುಂಬಿರುವ ಪ್ರತಿಯೇ ಉತ್ತಮ ಎಂದುಕೊಳ್ಳುವ ಚಾಳಿ ಇದೆ. ಆ ಬಣ್ಣ ಬರೀ ಹಿಸ್ ಆಗಿರಬಹುದು.

ವೇಗ, ಶ್ರುತಿ

ಲೈವ್ ಟೇಪುಗಳಲ್ಲಿ ಅತ್ಯಂತ ಸಾಮಾನ್ಯ ದೋಷ ಇದು. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಶೇ 5.9ರ ಅಂತರ; ಶೇ 1ರ ವೇಗದ ಬದಲಾವಣೆ ಸುಮಾರು 17 ಸೆಂಟ್ (ಸೆಂಟ್ ಎಂದರೆ ಆ ಅಂತರದ ನೂರನೆಯ ಒಂದು ಭಾಗ). ವೇಗವಾಗಿ ಓಡುವ ಪ್ರತಿ ಹೆಚ್ಚು ‘ಜೀವಂತ’, ‘ಹರಿತ’ ಎನಿಸುತ್ತದೆ. ನಿಧಾನದ್ದು ‘ಭಾರ’, ‘ಬೆಚ್ಚಗೆ’. ಇವೆರಡರಲ್ಲಿ ಇಷ್ಟವಾದದ್ದನ್ನು ಆರಿಸಿಕೊಂಡವರು ಆರಿಸಿಕೊಂಡದ್ದು ಮೋಟರಿನ ತಪ್ಪನ್ನು.

ಅಳೆಯುವ ಸುಲಭ ದಾರಿ ಕಾಲದ್ದು. ಅಧಿಕೃತ 2017ರ ಆವೃತ್ತಿಯಲ್ಲಿ ಒಂದು ಹಾಡಿನ ಮೊದಲ ಸ್ಪಷ್ಟ ಡ್ರಮ್ ಏಟಿನಿಂದ ಕೊನೆಯ ಏಟಿನವರೆಗೆ ಎಷ್ಟು ಸೆಕೆಂಡು ಎಂದು ಆಡಾಸಿಟಿಯಲ್ಲಿ ನೋಡಿಕೊಳ್ಳಿ. ಪರೀಕ್ಷಿಸುವ ಪ್ರತಿಯಲ್ಲಿ ಅದೇ ಎರಡು ಏಟುಗಳ ನಡುವೆ ಅಳೆಯಿರಿ. ಅಧಿಕೃತದಲ್ಲಿ 600 ಸೆಕೆಂಡು, ಇಲ್ಲಿ 594 ಆದರೆ ಈ ಪ್ರತಿ ಶೇ 1 ವೇಗ. ಅಧಿಕೃತ ಆವೃತ್ತಿಯನ್ನು ಅಳತೆಗೋಲಾಗಿ ನಂಬಲು ಕಾರಣವಿದೆ: ಅದನ್ನು ತಯಾರಿಸುವಾಗ ಪ್ಲಾಂಜೆಂಟ್ ಎಂಬ ವಿಧಾನ ಬಳಸಿದ್ದಾರೆ. ರೆಕಾರ್ಡ್ ಮಾಡುವಾಗ ಟೇಪಿನ ಮೇಲೆ ಉಳಿದ, ಕಿವಿಗೆ ಕೇಳಿಸದಷ್ಟು ಮೇಲಿನ ಆವರ್ತನದ ಬಯಾಸ್ ಸಂಕೇತವನ್ನೇ ಓದಿ, ಮೋಟರಿನ ಅಲುಗಾಟವನ್ನು ಕ್ಷಣಕ್ಷಣಕ್ಕೂ ತಿದ್ದುವ ವಿಧಾನ ಅದು.

ಅಧಿಕೃತ ಆವೃತ್ತಿ ಇಲ್ಲದ ಕಾರ್ಯಕ್ರಮವಾದರೆ? ಪಿಯಾನೊ ಇದೆ. ಕೀತ್ ಗಾಡ್‌ಶೋ ಅವರ ಪಿಯಾನೊ ಸ್ವರ ಒಂಟಿಯಾಗಿ ಕೇಳಿಸುವ ಜಾಗ ಹುಡುಕಿ ಟ್ಯೂನರಿಗೆ ಒಡ್ಡಿ; 440ರ ಶ್ರುತಿಗೆ 10 ಸೆಂಟ್ ಒಳಗಿದ್ದರೆ ಬಿಟ್ಟುಬಿಡಿ. (ನಮ್ಮ ಕಛೇರಿ ಕ್ಯಾಸೆಟ್ಟುಗಳಿಗೆ ಈ ದಾರಿ ಹೊಂದುವುದಿಲ್ಲ, ಅಲ್ಲಿ ಗಾಯಕರು ಆ ದಿನ ಯಾವ ಶ್ರುತಿ ಇಟ್ಟುಕೊಂಡಿದ್ದರು ಎಂಬುದು ತಂಬೂರಿಗೇ ಗೊತ್ತು.) ಮೂರನೆಯ ದಾರಿ ವಿದ್ಯುತ್ತಿನ ಗುಂಯ್ ಸದ್ದು. ಅಮೆರಿಕದಲ್ಲಿ ವಿದ್ಯುತ್ 60 ಹರ್ಟ್ಸ್. ವೇದಿಕೆಯ ಆಂಪ್ಲಿಫೈಯರುಗಳ ಆ ಹಮ್ ಟೇಪಿನಲ್ಲೂ ಇರುತ್ತದೆ. ಹಾಡುಗಳ ನಡುವಿನ ಸ್ತಬ್ಧ ಭಾಗ ಆರಿಸಿ ‘ಪ್ಲಾಟ್ ಸ್ಪೆಕ್ಟ್ರಮ್’ನಲ್ಲಿ ಗಾತ್ರ 65536 ಇಡಿ. ಒಂದೊಂದು ಮೆಟ್ಟಿಲು 0.67 ಹರ್ಟ್ಸ್ ಆಗುವುದರಿಂದ 60ರ ಬಳಿ ಅಳೆಯುವುದು ಒರಟು. ಅದರ ಮೂರು, ಐದನೆಯ ಗುಣಕಗಳಾದ 180, 300ರ ಬಳಿ ನೋಡಿ. 300ರ ಬದಲು 306ರಲ್ಲಿ ಗೋಪುರ ಕಂಡರೆ ಶೇ 2 ವೇಗ. ಸಂಗೀತದ ಶ್ರುತಿ ತಪ್ಪಿದ್ದೂ ಹಮ್ ಮಾತ್ರ ಸರಿಯಾಗಿ 60ರಲ್ಲೇ ಇದ್ದರೆ, ಆ ಹಮ್ ವೇದಿಕೆಯದಲ್ಲ, ಆಮೇಲೆ ವರ್ಗಾಯಿಸಿದವರ ಮನೆಯದು. 50 ಹರ್ಟ್ಸ್ ಕಂಡರೆ ವರ್ಗಾವಣೆ ಯುರೋಪಿನಲ್ಲೋ ನಮ್ಮಂಥ ದೇಶದಲ್ಲೋ ಆಗಿದೆ.

ಒಂದು ಕಡೆ ಅಳೆದು ಇಡೀ ಕಾರ್ಯಕ್ರಮಕ್ಕೆ ಅದೇ ತಿದ್ದುಪಡಿ ಹಾಕಬೇಡಿ. ಸಭಿಕರು ಬ್ಯಾಟರಿಯ ಡೆಕ್ ಬಳಸಿದ್ದರೆ, ಬ್ಯಾಟರಿ ಇಳಿದಂತೆಲ್ಲ ಟೇಪು ನಿಧಾನವಾಗಿ ಓಡಿರುತ್ತದೆ. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಶ್ರುತಿ ಮೆಲ್ಲಗೆ ಏರುತ್ತ ಹೋಗುತ್ತದೆ. ಪ್ರತಿ ಮಗ್ಗುಲಿನ ಆರಂಭ, ಮಧ್ಯ, ಕೊನೆ ಮೂರು ಕಡೆ ಅಳೆಯಿರಿ. ತಿದ್ದುವುದು ‘ಚೇಂಜ್ ಸ್ಪೀಡ್ ಅಂಡ್ ಪಿಚ್’ನಿಂದ ಮಾತ್ರ. ಬರೀ ಟೆಂಪೊ ಅಥವಾ ಬರೀ ಪಿಚ್ ಬದಲಿಸುವ ಆಯ್ಕೆಗಳು ಶಬ್ದವನ್ನು ಚೂರು ಮಾಡಿ ಅಂಟಿಸುತ್ತವೆ. ಡ್ರಮ್ಮಿನ ಏಟು ಮಬ್ಬಾಗುತ್ತದೆ.

ವಾಲ್ಯೂಮ್ ಸಮ ಮಾಡುವುದು

ಅರ್ಧ ಡೆಸಿಬೆಲ್ ಜೋರಿರುವ ಪ್ರತಿ ‘ಜೋರು’ ಎನಿಸುವುದಿಲ್ಲ, ‘ಚೆನ್ನಾಗಿದೆ’ ಎನಿಸುತ್ತದೆ. ಕಿವಿ ಮೋಸ ಹೋಗುವುದು ಇಲ್ಲಿಯೇ. ಹೋಲಿಸಬೇಕಾದ ಭಾಗವನ್ನು 30ರಿಂದ 60 ಸೆಕೆಂಡಿನಷ್ಟು ಎರಡೂ ಪ್ರತಿಗಳಿಂದ ಕತ್ತರಿಸಿಕೊಂಡು, ಎರಡಕ್ಕೂ ‘ಲೌಡ್‌ನೆಸ್ ನಾರ್ಮಲೈಸೇಶನ್’ ಹಾಕಿ, ಗುರಿ −23 ಎಲ್‌ಯುಎಫ್‌ಎಸ್ (ಕಿವಿಗೆ ಎನಿಸುವ ಜೋರಿನ ಅಳತೆ) ಇಡಿ. ಇಡೀ ಕಾರ್ಯಕ್ರಮಕ್ಕೆ ಒಂದೇ ಸಲ ಹಾಕಿದರೆ ಸಭಿಕರ ಟೇಪಿನ ಚಪ್ಪಾಳೆಯೂ ಲೆಕ್ಕಕ್ಕೆ ಬಂದು ಸಂಗೀತ ಕೆಳಗಿಳಿಯುತ್ತದೆ. ಗರಿಷ್ಠ ಶಿಖರವನ್ನು ಸಮ ಮಾಡುವ ಮಾಮೂಲಿ ‘ನಾರ್ಮಲೈಸ್’ ಅಂತೂ ಬೇಡವೇ ಬೇಡ. ಮೈಕಿನ ಪಕ್ಕ ಒಬ್ಬ ಒಮ್ಮೆ ಚಪ್ಪಾಳೆ ತಟ್ಟಿದ್ದರೆ ಸಾಕು, ಲೆಕ್ಕವೆಲ್ಲ ಅವನ ಕೈಯಲ್ಲಿ.

ಯಾವ ಭಾಗ ಕೇಳಬೇಕು

ಇಡೀ ರಾತ್ರಿ ಕೇಳಿ ಹೋಲಿಸಲು ನೆನಪು ಸಾಲದು. ಸದ್ದಿನ ಸೂಕ್ಷ್ಮ ನೆನಪು ಕೆಲವೇ ಸೆಕೆಂಡಿನದು. ದೋಷಕ್ಕೊಂದು ಜಾಗ ಗೊತ್ತು ಮಾಡಿಕೊಂಡು, ಅದನ್ನೇ ಎಲ್ಲ ಪ್ರತಿಗಳಲ್ಲೂ ಹಿಂದೆಮುಂದೆ ಕೇಳುವುದು ಒಳ್ಳೆಯದು.

ಕಾರ್ನೆಲ್‌ನಲ್ಲಿ ಮೊದಲ ನಿಲ್ದಾಣ ‘ಮಾರ್ನಿಂಗ್ ಡ್ಯೂ’, ಎರಡನೆಯ ಭಾಗದ ಕೊನೆಯ ಹಾಡು. ಪಿಸುಮಾತಿನಷ್ಟು ಕೆಳಗಿಳಿದು, ಕೊನೆಯಲ್ಲಿ ಇಡೀ ತಂಡ ಒಟ್ಟಿಗೆ ಏರುತ್ತದೆ. ಕೆಳಗಿಳಿದಲ್ಲಿ ಹಿಸ್ ಎಷ್ಟಿದೆ ನೋಡಿ, ಏರಿದಲ್ಲಿ ಟೇಪು ಒಡೆಯುತ್ತದೆಯೇ ನೋಡಿ. ಕೆಳಗಿಳಿದ ಭಾಗವೂ ಏರಿದ ಭಾಗವೂ ಹೆಚ್ಚುಕಡಿಮೆ ಒಂದೇ ಜೋರಿದ್ದರೆ ಮೂರರಲ್ಲೊಂದು ಕಾರಣ: ರೆಕಾರ್ಡರಿನ ಸ್ವಯಂಚಾಲಿತ ಲೆವೆಲ್, ಟೇಪರ್ ಕೈಯಿಂದ ಗುಂಡಿ ತಿರುಗಿಸಿದ್ದು, ಇಲ್ಲವೇ ಇತ್ತೀಚೆಗೆ ಯಾರೋ ಕಂಪ್ರೆಸರ್ ಹಾಕಿದ್ದು. ಸ್ವಯಂಚಾಲಿತ ಲೆವೆಲ್‌ನ ಗುರುತು ಸುಲಭ. ಹಾಡು ನಿಂತೊಡನೆ ಜನರ ಗದ್ದಲ ಉಬ್ಬಿ ಬರುತ್ತದೆ, ಮುಂದಿನ ಹಾಡಿನ ಮೊದಲ ಏಟು ಬಿದ್ದೊಡನೆ ಎಲ್ಲವೂ ತಗ್ಗುತ್ತದೆ.

‘ಜ್ಯಾಕ್ ಸ್ಟ್ರಾ’ದಲ್ಲಿ ಬಾಬ್ ವೀರ್, ಜೆರ್ರಿ ಗಾರ್ಸಿಯಾ ಸಾಲುಗಳನ್ನು ಹಂಚಿಕೊಂಡು ಹಾಡುತ್ತಾರೆ. ಇಬ್ಬರ ಕಂಠದ ಸಮತೋಲಕ್ಕೆ ಇದು ಸಾಕು. ‘ಡ್ಯಾನ್ಸಿಂಗ್ ಇನ್ ದ ಸ್ಟ್ರೀಟ್’ ಆ ವರ್ಷ ಡಿಸ್ಕೊ ಧಾಟಿಯಲ್ಲಿತ್ತು. ಡ್ರಮ್ ಸೆಟ್ಟಿನ ಜೋಡಿ ತಾಳವಾದ ಹೈ-ಹ್ಯಾಟ್ ಬಿಡದೆ ಬಡಿಯುತ್ತಿರುತ್ತದೆ, ಹಾಗಾಗಿ ಟ್ರೆಬಲ್ ತಪಾಸಣೆಗೆ ಇದೇ ಜಾಗ. ಆ ಬಡಿತ ಕೆಲವೊಮ್ಮೆ ಸ್ಪಷ್ಟ, ಕೆಲವೊಮ್ಮೆ ಮಂಕು ಎಂದು ಅಲೆಅಲೆಯಾಗಿ ಬದಲಾದರೆ ನುಡಿಸಿದ ಡೆಕ್ಕಿನ ಹೆಡ್ಡಿನ ಕೋನ, ಅಂದರೆ ಅಜಿಮತ್, ಸರಿಯಿರಲಿಲ್ಲ. ಎಡ ಬಲ ಚಾನೆಲ್ ಕೂಡಿಸಿ ಮೋನೊ ಮಾಡಿ ಕೇಳಿ: ಮಂಕು ಇನ್ನಷ್ಟು ಹೆಚ್ಚಾದರೆ ಖಾತ್ರಿ. ಮೋನೊ ಮಾಡಿದಾಗ ಹಾಡುಗಾರರ ಕಂಠವೇ ಮಾಯವಾದರೆ ಒಂದು ಚಾನೆಲ್ಲಿನ ಧ್ರುವ ತಿರುಗಿದೆ, ಅಂದರೆ ಅದರ ಅಲೆ ತಲೆಕೆಳಗಾಗಿದೆ. ಆ ಒಂದು ಚಾನೆಲ್ಲಿಗೆ ಮಾತ್ರ ‘ಇನ್ವರ್ಟ್’ ಒತ್ತಿದರೆ ಸರಿಹೋಗುತ್ತದೆ.

ಕ್ಯಾಸೆಟ್ಟಿನ ಹಿಸ್ ತಗ್ಗಿಸುವ ಡಾಲ್ಬಿ ಬಿ ವ್ಯವಸ್ಥೆಯ ಗೊಂದಲವೂ ಇಲ್ಲೇ ಬಯಲಾಗುತ್ತದೆ. ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ್ದನ್ನು ಡಾಲ್ಬಿ ಇಲ್ಲದೆ ನುಡಿಸಿದರೆ ಶಬ್ದ ಚುರುಕು, ಹಿಸ್ ಜಾಸ್ತಿ. ತಿರುಗಾಮುರುಗಾ ಆದರೆ ಕಂಬಳಿ ಹೊದೆಸಿದಂತೆ ಮಂಕು, ಜೊತೆಗೆ ಟ್ರೆಬಲ್ ಉಸಿರಾಡಿದಂತೆ ಏರಿಳಿತ. ಮೊದಲನೆಯದನ್ನು ಕೇಳಿ ‘ಎಷ್ಟು ಸ್ಪಷ್ಟ’ ಎಂದು ಮೆಚ್ಚುವವರು ಬಹಳ.

ವೇಗದ ಸಣ್ಣ ಅಲುಗಾಟಕ್ಕೆ ‘ರೋ ಜಿಮ್ಮಿ’ ಕೇಳಿ. ನಿಧಾನದ ಹಾಡು. ಅಲ್ಲಿ ಗಿಟಾರನ್ನು ಬಿಟ್ಟು ಪಿಯಾನೊದ ಉದ್ದ ಸ್ವರಗಳಿಗೆ ಕಿವಿ ಕೊಡಿ. ಗಿಟಾರಿನ ತಂತಿಯನ್ನು ಬೆರಳು ಎಳೆಯಬಹುದು, ಪಿಯಾನೊದ ಸ್ವರ ತಾನಾಗಿ ನಡುಗುವುದಿಲ್ಲ. ನಡುಗಿದರೆ ಅದು ಟೇಪಿನದೇ.

ಸೌಂಡ್‌ಬೋರ್ಡೋ, ಸಭಿಕರದೋ

ಸೌಂಡ್‌ಬೋರ್ಡ್ ಎಂದರೆ ಯಾವಾಗಲೂ ಮೇಲು ಎಂಬ ನಂಬಿಕೆ ಅರ್ಧ ಸತ್ಯ. ಸಭಾಂಗಣದ ಮಿಕ್ಸರಿನಿಂದ ನೇರ ಎತ್ತಿಕೊಂಡ ಟೇಪಿನಲ್ಲಿ ಇರುವುದು ಸ್ಪೀಕರಿಗೆ ಕಳಿಸಿದ್ದು ಮಾತ್ರ. ಹಾಲು ಚಿಕ್ಕದಾದಷ್ಟೂ ವೇದಿಕೆಯ ಗಿಟಾರ್ ಆಂಪುಗಳೇ ಸಾಕಷ್ಟು ಜೋರಿರುತ್ತವೆ. ಎಂಜಿನಿಯರ್ ಅವನ್ನು ಮಿಕ್ಸರಿನಲ್ಲಿ ತಗ್ಗಿಸುತ್ತಾರೆ, ಟೇಪಿನಲ್ಲಿ ಕಂಠ ಮುಂದೆ ನುಗ್ಗಿ ಗಿಟಾರ್ ಎಲ್ಲೋ ಹಿಂದೆ ಉಳಿಯುತ್ತದೆ. ಅಂಥ ರಾತ್ರಿಗಳಲ್ಲಿ ಸಭಿಕರ ನಡುವಿನ ಒಳ್ಳೆಯ ಮೈಕು ತಂಡದ ನಿಜವಾದ ತೂಕ ಹಿಡಿದಿರುತ್ತದೆ. ಬೆಟ್ಟಿ ಅವರ ಟೇಪುಗಳು ಇಷ್ಟು ಹೆಸರಾಗಲು ಕಾರಣ, ಅವು ಸಭಾಂಗಣದ ಮಿಶ್ರಣದ ಎಂಜಲಲ್ಲ. ರೆಕಾರ್ಡಿಂಗಿಗೆಂದೇ ಬೇರೆಯಾಗಿ ಬೆರೆಸಿದವು.

1974ರ ಟೇಪುಗಳಿಗೆ ಇನ್ನೊಂದು ಎಚ್ಚರಿಕೆ. ಆ ವರ್ಷ ತಂಡ ‘ವಾಲ್ ಆಫ್ ಸೌಂಡ್’ ಎಂಬ ಬೃಹತ್ ಸ್ಪೀಕರ್ ಗೋಡೆಯನ್ನು ಬೆನ್ನ ಹಿಂದೆಯೇ ನಿಲ್ಲಿಸಿ ಹಾಡುತ್ತಿತ್ತು. ಸ್ಪೀಕರಿನ ಸದ್ದು ಮೈಕಿಗೆ ಮರಳಿ ನುಗ್ಗದಂತೆ ಒಬ್ಬೊಬ್ಬರಿಗೂ ಎರಡು ಮೈಕು, ಎರಡನೆಯದರ ಧ್ರುವ ತಿರುವು. ಗಾಯಕ ಒಂದಕ್ಕೆ ಮಾತ್ರ ಬಾಯಿ ಕೊಡುತ್ತಿದ್ದ, ಎರಡಕ್ಕೂ ಬಿದ್ದ ಸದ್ದು ರದ್ದಾಗುತ್ತಿತ್ತು. ಈ ಉಪಾಯದಲ್ಲಿ ಕಂಠ ತೆಳುವಾಗುತ್ತದೆ. 1974ರ ಸೌಂಡ್‌ಬೋರ್ಡಿನಲ್ಲಿ ಕಂಠ ಸೊರಗಿದ್ದರೆ ಟೇಪನ್ನು ದೂರಬೇಡಿ, ಉತ್ತಮ ಪ್ರತಿ ಹುಡುಕುತ್ತಲೂ ಕೂರಬೇಡಿ.

ಸಭಿಕರ ಟೇಪಿನಲ್ಲಿ ಮೈಕು ಎಲ್ಲಿತ್ತು ಎಂಬುದು ಮೈಕಿನ ಬ್ರ್ಯಾಂಡಿಗಿಂತ ದೊಡ್ಡ ವಿಷಯ. ಕಡತದ ಹೆಸರಿನಲ್ಲಿ ‘ಎಫ್‌ಒಬಿ’ ಇದ್ದರೆ ಮಿಕ್ಸರಿಗಿಂತ ಮುಂದೆ, ವೇದಿಕೆಗೆ ಹತ್ತಿರ. 1984ರ ನಂತರದ ಟೇಪರ್ ಆಸನಗಳು ಮಿಕ್ಸರಿನ ಹಿಂದೆ. ಅಲ್ಲಿ ಹಾಲಿನ ಪ್ರತಿಧ್ವನಿ ಜಾಸ್ತಿ. ಬಾರ್ಟನ್ ಹಾಲಿನಂಥ ದೊಡ್ಡ ಕವಾಯತು ಕಟ್ಟಡದಲ್ಲಿ ಕೆಲವು ಮೀಟರು ಹಿಂದೆ ಸರಿದರೂ ಬಾಸ್ ಕಲಸಿಹೋಗುತ್ತದೆ. ‘ಫೈರ್ ಆನ್ ದ ಮೌಂಟನ್’ನಲ್ಲಿ ಫಿಲ್ ಲೆಶ್ ಅವರ ಬಾಸ್ ಸ್ವರಗಳನ್ನು ಒಂದೊಂದಾಗಿ ಎಣಿಸಲು ಬರುತ್ತದೆಯೇ, ಇಬ್ಬರು ಡ್ರಮ್ಮರುಗಳು ಇಬ್ಬರಂತೆ ಕೇಳಿಸುತ್ತಾರೆಯೇ? ಎರಡಕ್ಕೂ ಹೌದು ಎನ್ನಿಸುವ ಸಭಿಕರ ಟೇಪು ಸಿಕ್ಕರೆ ಬಿಡಬೇಡಿ, ಹಿಸ್ ತುಸು ಹೆಚ್ಚಿದ್ದರೂ ಸರಿಯೇ. ಹಿಸ್ ತೆಗೆಯುವ ತಂತ್ರಾಂಶ ಹಾಕಿದ ಪ್ರತಿಗಿಂತ ಹಿಸ್ ಇರುವ ಪ್ರತಿ ಯಾವತ್ತೂ ಮೇಲು. ಹಿಸ್ ಜೊತೆ ಸಿಂಬಲ್ಲಿನ ಬಾಲವೂ ಹೋಗಿ, ಸದ್ದು ನೀರಿನೊಳಗಿಂದ ಬಂದಂತೆ ಬುಳುಬುಳು ಎನ್ನುತ್ತದೆ. ಹೋದದ್ದನ್ನು ಮರಳಿ ತರಲಾಗದು.

ಕುರುಡು ಪರೀಕ್ಷೆ

ಸೌಂಡ್‌ಬೋರ್ಡಿಗೂ ಸಭಿಕರ ಟೇಪಿಗೂ ಇದು ಬೇಕಿಲ್ಲ, ಮಗುವೂ ಗುರುತಿಸುತ್ತದೆ. ಒಂದೇ ರೀಲಿನ ಎರಡು ವರ್ಗಾವಣೆಗಳ ನಡುವೆ ಆರಿಸುವಾಗ ಮಾತ್ರ ಬೇಕು. ಫೂಬಾರ್2000ದಲ್ಲಿ ಎಬಿಎಕ್ಸ್ ಸೇರ್ಪಡೆ ಹಾಕಿ (ಅದು ನುಡಿಸುವ ಗುರುತಿಲ್ಲದ ತುಣುಕು ಎರಡರಲ್ಲಿ ಯಾವುದೆಂದು ನೀವು ಹೇಳಬೇಕು), ವೇಗ ವಾಲ್ಯೂಮ್ ಸರಿದೂಗಿಸಿದ 10ರಿಂದ 15 ಸೆಕೆಂಡಿನ ತುಣುಕುಗಳನ್ನು ಕೊಡಿ. ತುಣುಕುಗಳು ಒಂದೇ ಕ್ಷಣದಲ್ಲಿ ಶುರುವಾಗಬೇಕು. 50 ಮಿಲಿಸೆಕೆಂಡ್ ಹಿಂದೆಮುಂದೆ ಇದ್ದರೂ ಕಿವಿ ಅದನ್ನೇ ಗುರುತಾಗಿ ಹಿಡಿಯುತ್ತದೆ. 16 ಸಲದಲ್ಲಿ 12 ಅಥವಾ ಹೆಚ್ಚು ಸರಿ ಬಂದರೆ, ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ. ಅಷ್ಟು ಬಾರದಿದ್ದರೆ ಎರಡರಲ್ಲಿ ಸಂಧಿಗಳು ಶುದ್ಧವಾಗಿರುವುದನ್ನು ಇಟ್ಟುಕೊಂಡು ಇನ್ನೊಂದನ್ನು ಅಳಿಸಿ.

ಟಿಪ್ಪಣಿ, ಮತ್ತು ಮನೆಯಲ್ಲೇ ಮ್ಯಾಟ್ರಿಕ್ಸ್

ಪ್ರತಿಯೊಂದಕ್ಕೂ ಒಂದು ಸಾಲು ಬರೆದಿಡಿ: ಕಡತದ ಗುರುತಿನ ಸಂಖ್ಯೆ, ಕುಟುಂಬ, ಅನಲಾಗ್ ತಲೆಮಾರು, ಮೂರು ಕಡೆಯ ವೇಗದ ದೋಷ, ಕತ್ತರಿ ಬಿದ್ದ ನಿಮಿಷ ಸೆಕೆಂಡು, ತೇಪೆಗಳು. ಐದರಲ್ಲಿ ನಾಲ್ಕು ನಕ್ಷತ್ರ ಎಂಬಂಥ ಅಂಕ ಬೇಡ. ಆರು ತಿಂಗಳ ಮೇಲೆ ಅದು ಏನನ್ನೂ ಹೇಳುವುದಿಲ್ಲ. ‘ಮೊದಲ ಭಾಗ ಶೇ 0.8 ವೇಗ, ಕಂಠ ಮುಂದೆ, ಬಾಸ್ ಸ್ಪಷ್ಟ’ ಎಂಬುದು ಹೇಳುತ್ತದೆ.

ಹೋಲಿಕೆಯ ಕೊನೆಗೆ ಅನೇಕರಿಗೆ ಬರುವ ಆಸೆ, ಸೌಂಡ್‌ಬೋರ್ಡಿನ ಸ್ಪಷ್ಟತೆಯನ್ನೂ ಹಾಲಿನ ಗಾಳಿಯನ್ನೂ ಬೆರೆಸುವುದು. ಇಳಿಸಿಕೊಳ್ಳಲು ಬಾರದ ಸೌಂಡ್‌ಬೋರ್ಡಿನ ಬದಲು ಕೊಂಡ ಅಧಿಕೃತ ಆವೃತ್ತಿಯನ್ನೇ ಬಳಸಿ, ಫಲಿತಾಂಶವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಮೊದಲು ಸಭಿಕರ ಟೇಪಿನ ವೇಗವನ್ನು ಹಾಡು ಹಾಡಿಗೂ ತಿದ್ದಿ. ಶೇ 0.3 ಉಳಿದರೂ ಹತ್ತೇ ಸೆಕೆಂಡಿನಲ್ಲಿ 30 ಮಿಲಿಸೆಕೆಂಡ್ ಜಾರಿ, ಡ್ರಮ್ಮಿನ ಏಟು ಎರಡಾಗಿ ಒಡೆಯುತ್ತದೆ. ನಂತರ ದೂರದ ಲೆಕ್ಕ. ಶಬ್ದ ಸೆಕೆಂಡಿಗೆ 343 ಮೀಟರ್ ಚಲಿಸುತ್ತದೆ. ಮೈಕು 25 ಮೀಟರ್ ಹಿಂದಿದ್ದರೆ ಅದು ಹಿಡಿದದ್ದು 73 ಮಿಲಿಸೆಕೆಂಡ್ ತಡ. ಸಭಿಕರ ಟೇಪನ್ನು ಅಷ್ಟು ಮುಂಚೆ ಶುರುವಾಗುವಂತೆ ಎಳೆದು, ಸ್ನೇರ್ ಡ್ರಮ್ಮಿನ ಏಟುಗಳು ಒಂದರ ಮೇಲೊಂದು ಕೂರುವಂತೆ ಮಾಡಿ. ಪ್ರಮಾಣ 60ಕ್ಕೆ 40ರಿಂದ ಶುರು ಮಾಡಿ, ಸಭಿಕರ ಟೇಪನ್ನು ತಗ್ಗಿಸುತ್ತ ಹೋಗಿ. ಬಾಸ್ ಡಬ್ಬಿಯೊಳಗಿಂದ ಬಂದಂತೆ ಟೊಳ್ಳಾಗಿ ಕೇಳಿಸಿದರೆ ಇನ್ನೂ ಒಂದೆರಡು ಮಿಲಿಸೆಕೆಂಡ್ ತಪ್ಪಿದೆ. ಆಗ ಸಭಿಕರ ಟೇಪನ್ನು ಅರ್ಧರ್ಧ ಮಿಲಿಸೆಕೆಂಡ್ ಸರಿಸುತ್ತ, ಬಾಸ್ ತುಂಬಿಕೊಳ್ಳುವ ಜಾಗದಲ್ಲಿ ನಿಲ್ಲಿಸಿ, ಮುಂದಿನ ಹಾಡಿಗೆ ಮತ್ತೆ ಅಳೆಯಿರಿ.